ಬಾಬೆಲಿಗೆ ಬಂದ ಕಾಗದ, ಪುಣೆಯಲ್ಲಿ ಓದಿದಾಗ

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿದ ಮೇಲೆ ಪುಣೆ, ಮುಂಬಯಿಯ ಕನ್ನಡ ಸಭೆಗಳಲ್ಲಿ ಬೈಬಲಿನ ಒಂದೊಂದು ವಚನ ಬರೆದ ವಾಗ್ದಾನದ ಕಾರ್ಡು ಹಂಚುವ ರೂಢಿ ಇದೆ. ತಟ್ಟೆಯಲ್ಲಿ ಮಗುಚಿಟ್ಟ ಕಾರ್ಡುಗಳಲ್ಲಿ ಒಂದನ್ನು ಎತ್ತಿಕೊಂಡರೆ ಅದೇ ಆ ವರ್ಷಕ್ಕೆ ದೇವರು ಕೊಟ್ಟ ಮಾತೆಂದು ಮನೆಮಂದಿಯೆಲ್ಲ ನಂಬುತ್ತಾರೆ. ಯೆರೆಮೀಯ 29:11 ಬಂತೆಂದರೆ ಸಂತೋಷಕ್ಕೆ ಪಾರವಿಲ್ಲ. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆ ಕೇಡಿನದಲ್ಲ, ಹಿತದ್ದು. ನಿಮಗೆ ಮುಂದೆ ಒಳ್ಳೆಯ ಗತಿ ಇದೆ ಎಂಬುದು ಆ ವಚನದ ಸಾರ. ಫ್ರಿಜ್ಜಿನ ಬಾಗಿಲ ಮೇಲೆ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ, ಮದುವೆ ಕಾಗದದ ನೆತ್ತಿಯಲ್ಲಿ ಅದು ಕಾಣುತ್ತಲೇ ಇರುತ್ತದೆ. ಅದರ ಹಿಂದಿನ ಹತ್ತು ವಚನಗಳನ್ನು ಓದುವವರು ಕಡಿಮೆ.

ಆ ಮಾತು ಬಂದದ್ದು ಒಂದು ಕಾಗದದಲ್ಲಿ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನ ಅರಸನನ್ನೂ ಅಧಿಕಾರಿಗಳನ್ನೂ ಕಸಬುದಾರರನ್ನೂ ಕಮ್ಮಾರರನ್ನೂ ಬಾಬೆಲಿಗೆ ಸೆರೆ ಒಯ್ದ. ಹೀಗೆ ಊರು ಕಳೆದುಕೊಂಡವರಿಗೆ ಪ್ರವಾದಿ ಯೆರೆಮೀಯ ಬರೆದು ಕಳಿಸಿದ್ದೇ 29ನೇ ಅಧ್ಯಾಯ. 11ನೇ ವಚನಕ್ಕೆ ಬರುವ ಮೊದಲು ಅವನು ಹೇಳುವುದೆಲ್ಲ ದಿನದ ಬದುಕಿನ ಮಾತು: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮದುವೆಯಾಗಿ, ಮಕ್ಕಳಿಗೂ ಮದುವೆ ಮಾಡಿ, ನಿಮ್ಮನ್ನು ಎಲ್ಲಿಗೆ ಕಳಿಸಲಾಗಿದೆಯೋ ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ. 10ನೇ ವಚನ ಅವಧಿಯನ್ನು ಹೇಳುತ್ತದೆ: 70 ವರ್ಷ. ಆ ಕಾಗದವನ್ನು ಓದಿಸಿ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಮಣ್ಣಾಗಬೇಕಾದವರು. 11ನೇ ವಚನದ ಒಳ್ಳೆಯ ಗತಿಯನ್ನು ಕಣ್ಣಾರೆ ಕಾಣುವುದು ಅವರ ಮಕ್ಕಳು, ಮೊಮ್ಮಕ್ಕಳು.

ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಇದ್ದಾನೆ. ಎರಡೇ ವರ್ಷ, ಎಲ್ಲ ತಿರುಗಿ ಬರುತ್ತದೆ ಎಂದು ಅವನು ದೇವಾಲಯದಲ್ಲಿ ಜನರ ಮುಂದೆ ಸಾರುತ್ತಾನೆ. ಯೆರೆಮೀಯ ಮೊದಲು ಕೊಡುವ ಉತ್ತರ, "ಆಮೆನ್, ಹಾಗೇ ಆಗಲಿ." ಬಾಬೆಲಿಗೆ ಅಧೀನರಾಗಿರಿ ಎಂಬುದರ ಗುರುತಾಗಿ ಯೆರೆಮೀಯ ಹೆಗಲ ಮೇಲೆ ಹೊತ್ತಿದ್ದ ಮರದ ನೊಗವನ್ನು ಹನನ್ಯ ಮುರಿದಾಗ ಅವನು ಏನೂ ಹೇಳದೆ ಹೊರಟುಹೋಗುತ್ತಾನೆ; ದೇವರ ಉತ್ತರ ಬರುವುದು ಆಮೇಲೆ. ನಿಜವಾದ ಪ್ರವಾದಿಗೂ ಕೇಳಿದ ತಕ್ಷಣ ಉತ್ತರ ಸಿಗಲಿಲ್ಲ ಎಂಬ ಈ ಒಂದು ಸಂಗತಿ, ದೇವರ ನಡೆಸುವಿಕೆಯ ಬಗ್ಗೆ ನಾವು ಕೇಳುವ ಎಷ್ಟೋ ಪ್ರಸಂಗಗಳಿಗಿಂತ ಹೆಚ್ಚು ಕಲಿಸುತ್ತದೆ.

ಹುಬ್ಬಳ್ಳಿ, ಧಾರವಾಡ, ಕಲಬುರಗಿ, ಬೀದರ ಕಡೆಯಿಂದ ಪಿಂಪ್ರಿ-ಚಿಂಚವಾಡಕ್ಕೋ ಹಿಂಜವಡಿಗೋ ಬಂದ ಕ್ರೈಸ್ತ ಕುಟುಂಬಗಳಲ್ಲಿ ಹನನ್ಯನ ಲೆಕ್ಕ ಬೇರೆ ವೇಷದಲ್ಲಿ ಉಳಿದಿದೆ. "ಇನ್ನೆರಡು ವರ್ಷ, ಆಮೇಲೆ ಊರಿಗೆ." 11 ತಿಂಗಳ ಬಾಡಿಗೆ ಕರಾರು ಮೇಲಿಂದ ಮೇಲೆ ಬರೆಯಿಸುತ್ತ ಹದಿನೈದು ವರ್ಷ ಕಳೆದಿರುತ್ತದೆ. ಸಭೆಯ ಸದಸ್ಯತ್ವ ಮಾತ್ರ ಊರಲ್ಲೇ; ಇಲ್ಲಿ ಭಾನುವಾರ ಬಂದು ಹೋಗುವುದಷ್ಟೆ. ನೆರೆಮನೆಯವರ ಹೆಸರು ಗೊತ್ತಿಲ್ಲ, ಮರಾಠಿ ಬಾಯಿಗೆ ಬಂದಿಲ್ಲ. ಇಂಥವರೇ ಹೆಚ್ಚು ಕಾತರದಿಂದ ಕೇಳುವ ಪ್ರಶ್ನೆ, ದೇವರ ಚಿತ್ತ ಏನು ಅಂತ ತಿಳಿಯುವುದು ಹೇಗೆ? ಆ ಕಾಗದದ ಪ್ರಕಾರ ಅರ್ಧ ಉತ್ತರ ಆಗಲೇ ಬಂದಿದೆ. ಇರುವ ಊರಲ್ಲಿ ಬೇರು ಬಿಡುವುದು, ಅದಕ್ಕಾಗಿ ಪ್ರಾರ್ಥಿಸುವುದು, ಮನೆಮಕ್ಕಳನ್ನು ನೋಡಿಕೊಳ್ಳುವುದು ದೇವರ ಚಿತ್ತವೇ. ಉಳಿದರ್ಧ, ಅಂದರೆ ಯಾವಾಗ ಮರಳುವುದು ಎಂಬುದು, ಆತನ ಕೈಯಲ್ಲಿರುತ್ತದೆ. ಬೈಬಲಿನಲ್ಲಿ ದೇವರು ಜನರನ್ನು ನಡೆಸಿದ ಪ್ರಸಂಗಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಈ ಪ್ರಮಾಣ ಹೆಚ್ಚುಕಡಿಮೆ ಹೀಗೇ ಇದೆ: ಇವತ್ತಿನ ಕೆಲಸದ ಬಗ್ಗೆ ಬೇಕಾದಷ್ಟು ಬೆಳಕು, ನಾಳೆಯ ಬಗ್ಗೆ ಬಹಳ ಕಡಿಮೆ ವಿವರ. ಭರವಸೆ ಎಂಬುದಕ್ಕೆ ಜಾಗ ಆಗುವುದೂ ಅಲ್ಲೇ.

ಆದರೂ ಬದುಕಿನಲ್ಲಿ ಎರಡು ದಾರಿ ಎದುರಾಗುತ್ತವೆ, ಎರಡೂ ನ್ಯಾಯವಾದವೇ. ಪುಣೆಯ ಕೆಲಸ ಬಿಟ್ಟು ವಯಸ್ಸಾದ ತಂದೆತಾಯಿ ಇರುವ ಊರಿಗೆ ಮರಳಬೇಕೋ, ಅವರನ್ನೇ ಇಲ್ಲಿಗೆ ಕರೆತರಬೇಕೋ? ಸಾಲ ಮಾಡಿ ಫ್ಲ್ಯಾಟ್ ಕೊಳ್ಳಬೇಕೋ? ಬಂದ ಸಂಬಂಧಕ್ಕೆ ಹೂಂ ಅನ್ನಬೇಕೋ? ಇಂಥ ಕಡೆ ಮೊದಲು ಮಾಡಬೇಕಾದ ಕೆಲಸ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ, ಕಾಗದದ ಮೇಲೆ, ಯಾವ ತಾರೀಖಿನೊಳಗೆ ಉತ್ತರ ಬೇಕು ಎಂಬುದರ ಸಮೇತ ಬರೆಯುವುದು. "ಕರ್ತನೇ, ನನ್ನ ಭವಿಷ್ಯ ತೋರಿಸು" ಎಂಬ ಪ್ರಾರ್ಥನೆಗೆ ಯಾವ ಉತ್ತರ ಬಂದರೂ ಗುರುತು ಹತ್ತುವುದಿಲ್ಲ. "ಮಾರ್ಚ್ 31ರೊಳಗೆ ಹುಬ್ಬಳ್ಳಿಯ ಕೆಲಸಕ್ಕೆ ಒಪ್ಪಿಗೆ ಕೊಡಲೋ ಬೇಡವೋ" ಎಂದು ಬರೆದರೆ ಪ್ರಾರ್ಥನೆಗೂ ವಿಚಾರಕ್ಕೂ ಹಿಡಿತ ಸಿಗುತ್ತದೆ. ಬರೆಯುವಾಗಲೇ ಕೆಲವು ಪ್ರಶ್ನೆಗಳು ಬಿದ್ದುಹೋಗುತ್ತವೆ. ಫ್ಲ್ಯಾಟಿನ ಕಾಗದದಲ್ಲಿ ಬೆಲೆ ಕಡಿಮೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡಬೇಕೆಂದರೆ ಅಲ್ಲಿ ದೇವರ ಚಿತ್ತ ಹುಡುಕುವ ಅಗತ್ಯವೇ ಇಲ್ಲ. ಸುಳ್ಳು ಹೇಳಬಾರದೆಂದು ಆತ ಎಂದೋ ಹೇಳಿಯಾಗಿದೆ. ಕಾಣಿಕೆಯ ನೆಪ ಹೇಳಿ ತಂದೆತಾಯಿಯನ್ನು ಕೈಬಿಡುವುದನ್ನು ಯೇಸು ಮಾರ್ಕ 7ರಲ್ಲಿ ಕಟುವಾಗಿ ಖಂಡಿಸಿದ್ದಾನೆ. ಅದೂ ಪ್ರಾರ್ಥಿಸಿ ತೀರ್ಮಾನಿಸುವ ವಿಷಯವಲ್ಲ.

ಎರಡನೆಯದು ಮನಸ್ಸಿನ ತೂಕ, ಇದೇ ಎಲ್ಲಕ್ಕಿಂತ ಕಷ್ಟದ್ದು. ಯೆರೆಮೀಯ 42ನೇ ಅಧ್ಯಾಯವನ್ನು ಇದಕ್ಕಾಗಿ ನಿಧಾನವಾಗಿ ಓದಬೇಕು. ಯೆರೂಸಲೇಮು ಬಿದ್ದಾಗಿದೆ, ಅಧಿಪತಿ ಗೆದಲ್ಯನ ಕೊಲೆಯಾಗಿದೆ, ಉಳಿದ ಜನ ಹೆದರಿ ಪ್ರವಾದಿಯ ಹತ್ತಿರ ಬಂದು, ಒಳ್ಳೆಯದಾಗಲಿ ಕೆಟ್ಟದಾಗಲಿ ದೇವರು ಹೇಳಿದಂತೆ ಕೇಳುತ್ತೇವೆ ಎಂದು ಆಣೆ ಇಡುತ್ತಾರೆ. ಹತ್ತು ದಿನ ಕಳೆದ ಮೇಲೆ ಉತ್ತರ ಬರುತ್ತದೆ: ಇಲ್ಲೇ ಇರಿ, ಐಗುಪ್ತಕ್ಕೆ ಹೋಗಬೇಡಿ. ಅವರ ಉತ್ತರವೂ ಕೂಡಲೇ ಬರುತ್ತದೆ: ನೀನು ಸುಳ್ಳು ಹೇಳುತ್ತಿದ್ದೀ. 41ನೇ ಅಧ್ಯಾಯದ ಕೊನೆಗೆ ಕಣ್ಣಾಡಿಸಿದರೆ ಕಾರಣ ಸಿಗುತ್ತದೆ. ಅವರು ಈ ಪ್ರಶ್ನೆ ಕೇಳಿದ್ದು ಬೇತ್ಲೆಹೇಮಿನ ಬಳಿ, ಐಗುಪ್ತದ ದಾರಿಯಲ್ಲಿ ಬೀಡು ಬಿಟ್ಟುಕೊಂಡೇ. ಕಾಲು ಹೊರಟಾಗಿತ್ತು. ಅವರಿಗೆ ಬೇಕಿದ್ದದ್ದು ತೀರ್ಮಾನದ ಮೇಲೊಂದು ಮುದ್ರೆ.

ಬ್ರಿಸ್ಟಲಿನಲ್ಲಿ 1836ರಲ್ಲಿ ಅನಾಥಾಲಯ ತೆರೆದು, ಯಾರ ಬಳಿಯೂ ಹಣ ಕೇಳದೆ ಪ್ರಾರ್ಥನೆಯಿಂದಲೇ ಸಾವಿರಾರು ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್, ದೇವರ ಚಿತ್ತ ಹುಡುಕುವ ತನ್ನ ಕ್ರಮದಲ್ಲಿ ಮೊದಲ ಹೆಜ್ಜೆಯಾಗಿ ಇದನ್ನೇ ಇಟ್ಟಿದ್ದ: ಆ ವಿಷಯದಲ್ಲಿ ಮನಸ್ಸಿಗೆ ತನ್ನದೇ ಹಟ ಇಲ್ಲದ ಸ್ಥಿತಿಗೆ ಬರುವುದು. ತೊಡಕಿನ ಬಹುಪಾಲು ಇಲ್ಲೇ ಕಳೆಯುತ್ತದೆ ಎಂಬುದು ಅವನ ಅನುಭವ. ಇದನ್ನು ಪರೀಕ್ಷಿಸಲು ಒಂದು ಸರಳ ಉಪಾಯವಿದೆ. ನಿಮಗೆ ಯಾವ ಉತ್ತರ ಬಂದರೆ ಭಯವೋ ಅದನ್ನು ಬರೆದಿಡಿ. "ಇಲ್ಲೇ ಇರು, ಬಡ್ತಿ ಇಲ್ಲ." "ಈ ಸಂಬಂಧ ಬಿಡು." ಅದನ್ನು ಗಟ್ಟಿಯಾಗಿ ಓದಿ, ಇದೇ ಆದರೂ ಸರಿ ಎನ್ನಲು ಬಾಯಿ ಬರುತ್ತದೆಯೋ ನೋಡಿ. ಬರದಿದ್ದರೆ ದಾರಿ ಕೇಳುವುದನ್ನು ಅಲ್ಲಿಗೇ ನಿಲ್ಲಿಸಿ, ಆ ಬಾಯಿಗಾಗಿ ಮೊದಲು ಪ್ರಾರ್ಥಿಸಬೇಕು. ಇದಕ್ಕೆ ವಾರಗಳು ಹಿಡಿದರೂ ಆ ಸಮಯ ವ್ಯರ್ಥವಲ್ಲ.

ವಾಕ್ಯ ಓದುವುದರಲ್ಲಿ ಆಗುವ ತಪ್ಪು ಎಲ್ಲರಿಗೂ ಪರಿಚಿತ. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಚನವನ್ನು ಆಜ್ಞೆ ಎಂದುಕೊಳ್ಳುವುದು. ಇದರಲ್ಲಿ ಅಪಾಯ ಏನೆಂದರೆ ಇಷ್ಟವಾಗುವ ವಚನ ಸಿಗುವವರೆಗೂ ತೆರೆಯುತ್ತಲೇ ಇರಬಹುದು. ಬದಲಿಗೆ ಒಂದು ಇಡೀ ಭಾಗವನ್ನು ಹಿಡಿದು ದಿನಕ್ಕೊಂದು ಅಧ್ಯಾಯದಂತೆ ಓದಿ: ಯೆರೆಮೀಯ 26ರಿಂದ 45ರವರೆಗೆ 20 ಅಧ್ಯಾಯ, ಮೂರು ವಾರದ ಒಳಗೆ ಮುಗಿಯುತ್ತದೆ. ಮುಂಜಾನೆ ಅರ್ಧ ಗಂಟೆ ಸಾಕು. ಶಿಫ್ಟ್ ಕೆಲಸದವರಿಗೆ ಮುಂಜಾನೆಯೇ ಆಗಬೇಕೆಂಬ ಕಟ್ಟಳೆಯೇನಿಲ್ಲ. ಲೋಕಲ್ ರೈಲಿನಲ್ಲಿ ನಿಂತು ಮೊಬೈಲಿನಲ್ಲಿ ಓದಿದರೂ ಆದೀತು, ದಿನ ತಪ್ಪದಿದ್ದರಾಯಿತು. ಓದುವಾಗ "ಇದರಲ್ಲಿ ನನ್ನ ಉತ್ತರ ಎಲ್ಲಿ" ಎಂದು ಹುಡುಕದೆ "ಇಲ್ಲಿ ದೇವರು ಎಂಥವನು, ಏನನ್ನು ಮೆಚ್ಚುತ್ತಾನೆ" ಎಂದು ಗುರುತು ಮಾಡಿಕೊಳ್ಳಬೇಕು. ಆತನ ಸ್ವಭಾವ ಪರಿಚಯವಾದಂತೆ ಎಷ್ಟೋ ಆಯ್ಕೆಗಳು ತಾವಾಗಿಯೇ ಬದಿಗೆ ಸರಿಯುತ್ತವೆ.

ನೆಲದ ಮೇಲೆ ತುಪ್ಪಟ ಹಾಸಿ, ಅದರ ಮೇಲೆ ಮಾತ್ರ ಇಬ್ಬನಿ ಬಿದ್ದರೆ ದೇವರ ಮಾತು ನಿಜವೆಂದು ತಿಳಿಯುತ್ತೇನೆ ಎಂದ ಗಿದ್ಯೋನನ ಹಾಗೆ ಗುರುತು ಕೇಳುವವರೂ ಇದ್ದಾರೆ. ಸಂಜೆಯೊಳಗೆ ಫೋನ್ ಬಂದರೆ ಹೌದು, ಬಾರದಿದ್ದರೆ ಇಲ್ಲ ಎಂಬಂಥದ್ದು. ನ್ಯಾಯಸ್ಥಾಪಕರು 6ನ್ನು ಸರಿಯಾಗಿ ಓದಿದರೆ ಗಿದ್ಯೋನನಿಗೆ ಆಜ್ಞೆ ಸಿಕ್ಕಿದ್ದು 14ನೇ ವಚನದಲ್ಲಿ, ತುಪ್ಪಟ ಹಾಸಿದ್ದು 37ರಲ್ಲಿ. ಏನು ಮಾಡಬೇಕೆಂದು ಅವನಿಗೆ ಮೊದಲೇ ಗೊತ್ತಿತ್ತು. ತುಪ್ಪಟ ಅವನ ಭಯದ ಗುರುತು. ದೇವರು ಆ ಭಯವನ್ನು ಸಹಿಸಿಕೊಂಡನು. ಸಹಿಸಿದ್ದನ್ನೇ ನಾವು ಕ್ರಮವನ್ನಾಗಿ ಮಾಡಿಕೊಳ್ಳುವುದು ಸರಿಯಲ್ಲ.

ಇನ್ನೆರಡು ಮಾತುಗಳು ನಮ್ಮ ಸಾಕ್ಷಿಗಳಲ್ಲಿ ಪದೇ ಪದೇ ಬರುತ್ತವೆ: "ಬಾಗಿಲು ತೆರೆಯಿತು", "ಮನಸ್ಸಿಗೆ ಸಮಾಧಾನ ಬಂತು." ಎರಡಕ್ಕೂ ಬೆಲೆಯಿದೆ, ಆದರೆ ಯಾವುದೂ ಒಂಟಿಯಾಗಿ ಸಾಕ್ಷಿ ಆಗಲಾರದು. ದೇವರಿಂದ ಓಡಿಹೋಗುತ್ತಿದ್ದ ಯೋನನಿಗೆ ಯೊಪ್ಪ ಬಂದರಿನಲ್ಲಿ ತಾರ್ಷೀಷಿಗೆ ಹೊರಟ ಹಡಗು ಸಿದ್ಧವಾಗಿತ್ತು, ಪ್ರಯಾಣದ ದುಡ್ಡೂ ಕೈಯಲ್ಲಿತ್ತು. ಹಡಗಿನ ಒಳಭಾಗದಲ್ಲಿ ಅವನಿಗೆ ಗಾಢ ನಿದ್ರೆಯೂ ಬಂತು. ಅದೇ, ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ, ತಂದೆಯ ಚಿತ್ತದ ನಡುಮಧ್ಯದಲ್ಲಿದ್ದ ಯೇಸುವಿಗೆ ಪ್ರಾಣ ಹೋಗುವಷ್ಟು ದುಃಖ. ಕರ್ತವ್ಯದಿಂದ ತಪ್ಪಿಸಿಕೊಂಡಾಗ ಆಗುವ ಹಗುರವನ್ನು ಸಮಾಧಾನವೆಂದು ತಿಳಿಯುವುದು ಬಹಳ ಸುಲಭ. ಪೌಲ ಫಿಲಿಪ್ಪಿಯವರಿಗೆ ಬರೆದ ಸಮಾಧಾನ ಬೇರೆ ಬಗೆಯದು. ಬೇಡಿಯಲ್ಲಿದ್ದವನು ಬರೆದದ್ದು ಅದು. ಕೃತಜ್ಞತೆಯೊಡನೆ ಬೇಡಿಕೊಂಡವರ ಹೃದಯವನ್ನು ಅದು ಕಾಯುತ್ತದೆ ಎಂದ; ಆದರೆ ದಾರಿ ಯಾವುದೆಂದು ಬೆರಳು ತೋರಿಸುತ್ತದೆ ಎಂದು ಅವನೆಲ್ಲೂ ಹೇಳಿಲ್ಲ.

ಅದೇ ಪೌಲನಿಗೆ ದಾರಿ ಸಿಕ್ಕ ರೀತಿ ಅಪೊಸ್ತಲರ ಕೃತ್ಯಗಳು 16ರಲ್ಲಿದೆ. ಆಸ್ಯಕ್ಕೆ ಹೋಗಬೇಕೆಂದರೆ ತಡೆ, ಬಿಥೂನ್ಯಕ್ಕೆ ಹೋಗಬೇಕೆಂದರೆ ಮತ್ತೆ ತಡೆ. ತ್ರೋವ ಎಂಬ ಬಂದರಿನಲ್ಲಿ ರಾತ್ರಿ ಮಕೆದೋನ್ಯದವನ ದರ್ಶನ. ಆ ಮೇಲೆ "ನಾವು" ನಿಶ್ಚಯಿಸಿಕೊಂಡೆವು ಎನ್ನುತ್ತಾನೆ ಲೂಕ. ಕನಸು ಕಂಡವನು ಒಬ್ಬ, ತೀರ್ಮಾನ ಎಲ್ಲರದು. ದಾರಿ ಅಷ್ಟು ಸ್ಪಷ್ಟವಾಗಿ ಸಿಕ್ಕ ಮೇಲೆ ಅವರು ಫಿಲಿಪ್ಪಿಯಲ್ಲಿ ಹೊಡೆತ ತಿಂದು ಸೆರೆಮನೆ ಸೇರಿದರು. ಕಷ್ಟ ಬಂತೆಂದರೆ ದಾರಿ ತಪ್ಪಿದ್ದೇವೆ ಎಂಬ ತೀರ್ಮಾನಕ್ಕೆ ಈ ಅಧ್ಯಾಯ ಆಸ್ಪದ ಕೊಡುವುದಿಲ್ಲ.

ಹಾಗಾಗಿ ಹಿರಿಯರ ಸಲಹೆ. ಎರಡು ಮೂರು ಜನ ಸಾಕು, ಅವರಲ್ಲಿ ಒಬ್ಬರಾದರೂ "ಬೇಡ" ಎನ್ನುವ ಧೈರ್ಯವಿದ್ದವರು. ನಿಮ್ಮ ತೀರ್ಮಾನದಿಂದ ಲಾಭ ಪಡೆಯುವವರನ್ನು ಕೇಳಬೇಡಿ. ಫ್ಲ್ಯಾಟ್ ಮಾರುವ ಏಜೆಂಟ್ ಸಭೆಯ ಅಣ್ಣನೇ ಆಗಿದ್ದರೂ ಆ ವಿಷಯಕ್ಕೆ ಬೇಡ. ಮದುವೆಯಾದವರು ಗಂಡನನ್ನೋ ಹೆಂಡತಿಯನ್ನೋ ಕೊನೆಗೆ ತಿಳಿಸುವ ಬದಲು ಮೊದಲ ದಿನದಿಂದಲೇ ಕೂಡಿಸಿಕೊಳ್ಳಬೇಕು. ಇನ್ನು "ನಿನ್ನ ವಿಷಯ ಕರ್ತನು ನನಗೆ ತೋರಿಸಿದ್ದಾನೆ" ಎಂದು ಮನೆಗೇ ಬಂದು ಪ್ರವಾದನೆ ಹೇಳುವವರ ಬಗ್ಗೆ. ಪ್ರವಾದನೆಯನ್ನು ಹೀನೈಸಬಾರದು, ಆದರೆ ಎಲ್ಲವನ್ನೂ ಪರಿಶೋಧಿಸಬೇಕೆಂದು ಪೌಲ ಹೇಳಿದ್ದು ಒಂದೇ ಉಸಿರಿನಲ್ಲಿ. ಕೊರಿಂಥದ ಸಭೆಗೂ ಒಬ್ಬರು ಹೇಳಿದ್ದನ್ನು ಉಳಿದವರು ವಿವೇಚಿಸಲಿ ಎಂದ. ಆದ್ದರಿಂದ ಅಂಥ ಮಾತನ್ನು ಸಭಾಪಾಲಕರ, ಹಿರಿಯರ ಮುಂದೆ ಹೇಳಿ ಎಂದು ಗೌರವದಿಂದಲೇ ಕೇಳಿಕೊಳ್ಳಿ. ಒಪ್ಪದಿದ್ದರೆ, ಅಥವಾ ಮಾತಿನ ಜೊತೆ ಕಾಣಿಕೆಯ ಮೊತ್ತವೂ ಬಂದರೆ, ಆ ಮಾತನ್ನು ಅಲ್ಲಿಗೇ ಬಿಟ್ಟುಬಿಡಬೇಕು. ಹಣಕ್ಕೆ ಕಣಿ ಹೇಳುವ ಪ್ರವಾದಿಗಳನ್ನು ಪ್ರವಾದಿ ಮೀಕ ಆ ಕಾಲಕ್ಕೇ ಖಂಡಿಸಿದ್ದಾನೆ.

ಲೆಕ್ಕ ಹಾಕುವುದನ್ನು ಅವಿಶ್ವಾಸ ಎಂದುಕೊಳ್ಳುವವರಿಗೂ ಒಂದು ಮಾತು. ಬುರುಜು ಕಟ್ಟುವವನು ಮೊದಲು ಕೂತು ಖರ್ಚು ಎಣಿಸುತ್ತಾನೆ ಎಂದವನು ಯೇಸುವೇ. ಊರಿಗೆ ಮರಳುವುದಾದರೆ ಸಂಬಳ ಎಷ್ಟು ಇಳಿಯುತ್ತದೆ, ಡಿಪಾಸಿಟ್ ಯಾವಾಗ ಕೈಸೇರುತ್ತದೆ, ಮಕ್ಕಳ ಶಾಲೆ ವರ್ಷದ ನಡುವೆ ಬಿಡಿಸಬಹುದೇ, ಅಪ್ಪನ ಡಯಾಲಿಸಿಸ್‌ಗೆ ಹತ್ತಿರದಲ್ಲಿ ಆಸ್ಪತ್ರೆ ಇದೆಯೇ, ಎಲ್ಲವನ್ನೂ ಬರೆದುಕೊಳ್ಳಬೇಕು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನದ ಕಥೆ ಒಂದು ಕಡೆ ಇದೆ: ಒಬ್ಬೊಬ್ಬನಿಗೆ ದಿನಕ್ಕೆ ಒಂದು ಓಮೆರ್ ಅಳತೆ, ನಾಳೆಗೆಂದು ಉಳಿಸಿದರೆ ಹುಳ. ಇನ್ನೊಂದು ಕಡೆ ಯೋಸೇಫ ಇದ್ದಾನೆ. ಏಳು ವರ್ಷ ಐದರಲ್ಲೊಂದು ಪಾಲು ಧಾನ್ಯವನ್ನು ಕೂಡಿಟ್ಟು ಬರಗಾಲದಲ್ಲಿ ದೇಶವನ್ನೇ ಉಳಿಸಿದ. ಎರಡೂ ದೇವರ ಪರಾಮರಿಕೆಯೇ. ಮನ್ನದ ಕಾಲದಲ್ಲೂ ಆರನೆಯ ದಿನ ಎರಡು ಓಮೆರ್ ಕೂಡಿಸಬೇಕಿತ್ತು, ಅದು ಕೆಡಲಿಲ್ಲ. ಹೇಳಿದಾಗ ಕೂಡಿಡುವುದು, ಬೇಡವೆಂದಾಗ ಬಿಡುವುದು, ವಿಧೇಯತೆ ಇರುವುದು ಅದರಲ್ಲಿ. ವಿಮೆ, ಉಳಿತಾಯ, ಔಷಧ ಬಿಟ್ಟು ದೇವರನ್ನು ಪರೀಕ್ಷಿಸುವುದಕ್ಕೆ ಭರವಸೆಯ ಹೆಸರು ಕೊಡಬಾರದು.

ತೀರ್ಮಾನ ತೆಗೆದುಕೊಂಡ ಮೇಲೆ ತಾರೀಖು, ಕಾರಣ, ಯಾರ ಸಲಹೆ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದಿಡಿ. ಆರು ತಿಂಗಳಿಗೆ ಕಷ್ಟ ಬಂದಾಗ ಮನಸ್ಸು ಹಳೆಯ ಸಂಗತಿಯನ್ನೇ ಬದಲಿಸಿ ಹೇಳತೊಡಗುತ್ತದೆ. ಆಗ ಆ ನಾಲ್ಕು ಸಾಲು ಬೇಕಾಗುತ್ತವೆ. ಮನಸ್ಸು ಕುಗ್ಗಿರುವ ಹೊತ್ತಿನಲ್ಲಿ ಹಿಂದಿನ ತೀರ್ಮಾನವನ್ನು ಬದಲಿಸಬಾರದು ಎಂಬ, ಜೆಸ್ವಿಟ್ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೊಲನ ನಿಯಮ ಕಥೋಲಿಕರಿಗೆ ಚಿರಪರಿಚಿತ. ಪ್ರೊಟೆಸ್ಟಂಟರಾದ ನಾವೂ ಅದನ್ನು ಕೃತಜ್ಞತೆಯಿಂದ ಎತ್ತಿಕೊಳ್ಳಬಹುದು. ಹೊಸ ಸಂಗತಿ ಬಂದರೆ ಮತ್ತೆ ಯೋಚಿಸಿ, ಬರೀ ಹೊಸ ಭಯ ಬಂದದ್ದಕ್ಕೆ ಬೇಡ. ಯೆರೆಮೀಯನೇ ಸೆರೆಯಲ್ಲಿದ್ದಾಗ, ಊರು ಶತ್ರುವಿನ ಮುತ್ತಿಗೆಯಲ್ಲಿದ್ದಾಗ, 17 ತೊಲ ಬೆಳ್ಳಿ ತೂಗಿಕೊಟ್ಟು ಅನಾತೋತಿನ ಹೊಲ ಕೊಂಡ. ಸಾಕ್ಷಿ ಹಾಕಿಸಿ, ಮುಚ್ಚಿದ ಪತ್ರ, ತೆರೆದ ಪತ್ರ ಎರಡನ್ನೂ ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ಎಲ್ಲ ಮುಗಿದ ಮೇಲೆ ಪ್ರಾರ್ಥನೆಗೆ ಕೂತು, ಊರೇ ಹೋಗುತ್ತಿರುವಾಗ ಹೊಲ ಕೊಳ್ಳಲು ಹೇಳಿದೆಯಲ್ಲ ಕರ್ತನೇ ಎಂದು ತನ್ನ ಗೊಂದಲ ತೋಡಿಕೊಂಡ. ಅರ್ಥವಾದ ಮೇಲೆ ವಿಧೇಯನಾಗುತ್ತೇನೆ ಎಂದು ಅವನು ಕಾಯಲಿಲ್ಲ.

ಪುಣೆಯಿಂದ ಸೊಲ್ಲಾಪುರ, ಕಲಬುರಗಿ ಕಡೆಗೆ ಹೋಗುವ ರೈಲು ದೌಂಡಿಗೆ ಮುಂಚೆ ಕೇಡಗಾಂವ್ ದಾಟುತ್ತದೆ. ನಿರಾಶ್ರಿತ ಹೆಂಗಸರು, ಮಕ್ಕಳಿಗಾಗಿ ಪಂಡಿತಾ ರಮಾಬಾಯಿಯವರು ಕಟ್ಟಿದ ಮುಕ್ತಿ ಮಿಷನ್ ಇರುವುದು ಅಲ್ಲಿ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು, ಕನ್ನಡವೂ ಬಲ್ಲವರು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕನನ್ನು ಕಳೆದುಕೊಂಡರು. ಮದುವೆಯಾಗಿ ಎರಡು ವರ್ಷವೂ ತುಂಬದೆ ವಿಧವೆಯಾದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ, ಮರುವರ್ಷ ಅದು ಪುಣೆಗೆ ಬಂತು. ಮುಲ್ಲರನ ಬದುಕಿನ ವೃತ್ತಾಂತ ಓದಿ, ಆ ಬಗೆಯ ಭರವಸೆಯನ್ನೇ ಕೆಲಸದ ಬುನಾದಿ ಮಾಡಿಕೊಂಡರು. ಸದನಕ್ಕೆ ಆದಾಯವಾಗಲೆಂದು ಕೇಡಗಾಂವ್‌ನಲ್ಲಿ ಜಮೀನು ಕೊಂಡು ಹಣ್ಣಿನ ಗಿಡ ನೆಡಿಸಿದ್ದರು. 1896–97ರ ಬರದಲ್ಲಿ ಮಧ್ಯ ಪ್ರಾಂತದಿಂದ ನೂರಾರು ಹುಡುಗಿಯರನ್ನು ಕರೆತಂದಾಗ ಪ್ಲೇಗಿನ ಕಟ್ಟುನಿಟ್ಟಿನಿಂದಾಗಿ ಅವರನ್ನು ಪುಣೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ತೋಟಕ್ಕೆಂದು ಕೊಂಡ ಆ ಜಮೀನೇ ಆಶ್ರಯವಾಯಿತು. ಕೊಳ್ಳುವಾಗ ಬರವೂ ಗೊತ್ತಿರಲಿಲ್ಲ, ಪ್ಲೇಗೂ ಗೊತ್ತಿರಲಿಲ್ಲ.

ರಮಾಬಾಯಿಯವರ ಬದುಕಿನಲ್ಲಿ ಬಾಗಿಲುಗಳು ತೆರೆದದ್ದನ್ನಷ್ಟೇ ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ಕೆಲಸವನ್ನು ಮುಂದುವರಿಸಬೇಕಿದ್ದ ಒಬ್ಬಳೇ ಮಗಳು ಮನೋರಮಾ 1921ರಲ್ಲಿ ತೀರಿಕೊಂಡಳು, ಮರುವರ್ಷ ಏಪ್ರಿಲಿನಲ್ಲಿ ತಾಯಿ. ಹೀಬ್ರೂ, ಗ್ರೀಕ್ ಕಲಿತು ಮರಾಠಿಗೆ ಮಾಡಿದ ಬೈಬಲ್ ಪೂರ್ತಿ ಅಚ್ಚಾದದ್ದನ್ನು ಅವರು ನೋಡಲಿಲ್ಲ. ದೇವರ ಕಾಳಜಿ ಎಂದರೆ ನಷ್ಟವಿಲ್ಲದ ಬದುಕು ಎಂದುಕೊಂಡವರಿಗೆ ಇದು ಅರಗುವುದಿಲ್ಲ. ಯೇಸು ಗುಬ್ಬಿಗಳ ಮಾತೆತ್ತಿದಾಗಲೂ ಗುಬ್ಬಿ ನೆಲಕ್ಕೆ ಬೀಳುವುದೇ ಇಲ್ಲ ಎನ್ನಲಿಲ್ಲ. ತಂದೆಯನ್ನು ಬಿಟ್ಟು ಬೀಳುವುದಿಲ್ಲ ಎಂದನು. ಮತ್ತಾಯನಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ, ಲೂಕನಲ್ಲಿ ಎರಡು ಕಾಸಿಗೆ ಐದು. ಐದನೆಯದು ಕೊಸರು. ಆ ಕೊಸರಿನ ಗುಬ್ಬಿಯನ್ನೂ ದೇವರು ಮರೆತಿಲ್ಲ ಎಂಬ ಮಾತನ್ನು ನಂಬುವುದು ಒಳ್ಳೆಯ ದಿನಗಳಲ್ಲಿ ಸುಲಭ. ಕೆಟ್ಟ ದಿನಗಳಿಗಾಗಿಯೇ ಕೀರ್ತನೆಗಳಲ್ಲಿ ಅಷ್ಟೊಂದು ಗೋಳಿನ ಹಾಡುಗಳಿವೆ. 88ನೆಯದು ಕತ್ತಲೆ ಎಂಬಲ್ಲಿಗೇ ಮುಗಿಯುತ್ತದೆ, ಒಂದು ಸ್ತೋತ್ರದ ಸಾಲೂ ಇಲ್ಲ. ಕೆಲಸ ಹೋದವರ, ಮಗು ಕಳೆದುಕೊಂಡವರ ಮನೆಗೆ ಯೆರೆಮೀಯ 29:11ರ ಕಾರ್ಡು ಹಿಡಿದು ಹೋಗುವ ಬದಲು ಆ ಕೀರ್ತನೆಯನ್ನು ಅವರ ಜೊತೆ ಕೂತು ಓದುವುದು ಹೆಚ್ಚು ಪ್ರಾಮಾಣಿಕ.

ಓದಿದ ಮೇಲೆ ಅಡಿಗೆಮನೆಯ ಕಡೆಗೂ ನೋಡಬೇಕು. ತಿನ್ನಲಿಲ್ಲದವರಿಗೆ "ಸಮಾಧಾನವಾಗಿ ಹೋಗಿರಿ" ಎಂದಷ್ಟೇ ಹೇಳಿ ಕಳಿಸುವ ನಂಬಿಕೆಗೆ ಯಾಕೋಬ ಸತ್ತ ನಂಬಿಕೆ ಎಂದ. ದೇವರು ನೋಡಿಕೊಳ್ಳುತ್ತಾನೆ ಎಂದು ಹಾಡುವ ಸಭೆಯಲ್ಲಿ ಅದಕ್ಕಾಗಿ ಒಂದು ಬೇರೆ ಖಾತೆ ಇರಲಿ. ಇಬ್ಬರು ಹಿರಿಯರ ಸಹಿ ಬೇಕಾಗುವಂಥದ್ದು, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವಂಥದ್ದು. ಮುಲ್ಲರ್ ಕೂಡ ಪ್ರತಿ ವರ್ಷ ಲೆಕ್ಕ ಅಚ್ಚುಹಾಕಿಸುತ್ತಿದ್ದ. ಯಾರದಾದರೂ ಕೆಲಸ ಹೋಯಿತೆಂದು ತಿಳಿದ ವಾರದೊಳಗೆ ಇಬ್ಬರು ಮನೆಗೆ ಹೋಗಿ ಮೂರು ವಿಷಯ ಕೇಳಿ: ಬಾಡಿಗೆ ಎಷ್ಟು ಬಾಕಿ, ಶಾಲೆಯ ಫೀ ಯಾವಾಗ, ಮನೆಯಲ್ಲಿ ಔಷಧ ಯಾರಿಗೆ. ಸಾಲವೆಂದು ಕೊಡಬೇಡಿ, ಸಾಲ ಪಡೆದವರು ನಾಚಿಕೆಯಿಂದ ಸಭೆಗೆ ಬರುವುದನ್ನೇ ಬಿಡುತ್ತಾರೆ. ಪ್ರಾರ್ಥನಾ ವಿಷಯವೆಂದು ಹೆಸರು ಹಿಡಿದು ಓದುವುದು ಅವರು ಒಪ್ಪಿದರೆ ಮಾತ್ರ. ಬಾಡಿಗೆಯನ್ನು ಮನೆ ಮಾಲೀಕರ ಖಾತೆಗೆ ನೇರವಾಗಿ ಹಾಕಿ, ರಸೀತಿಯನ್ನು ಕುಟುಂಬದವರ ಕೈಗೆ ಕೊಟ್ಟು ಬನ್ನಿ.